ಅಪ್ಪನ ಪಂಪ್ ಓಡುತ್ತಿತ್ತು, ಹೃದಯದ ಲಯ ಮಾತ್ರ ತಪ್ಪಿತ್ತು: ಎಲ್‌ವ್ಯಾಡ್ ಇರುವ ಮನೆಯವರು ದಯವಿಟ್ಟು ಓದಿ

ಹೇಮಾವತಿ ದಂಡೆ (ಚರ್ಚೆ ಆರಂಭಿಸಿದವರು), ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಸರಿಯಾಗಿ ನಿದ್ದೆಯಿಲ್ಲ. ಬರಹ ಹಿಂದುಮುಂದಾಗಿದ್ದರೆ ಮನ್ನಿಸಿ.

ಅಪ್ಪನಿಗೆ 59 ವರ್ಷ. ಅರಕಲಗೂಡು ಕಡೆ ಆಲೂಗಡ್ಡೆ, ಜೋಳ ಬೆಳೆಯುವ ಮನೆ ನಮ್ಮದು. ಹೃದಯ ಹಿಗ್ಗಿ ಬಲಗುಂದುವ ಕಾಯಿಲೆಯಿಂದ ನಾಲ್ಕು ಹೆಜ್ಜೆ ನಡೆಯಲಾರದ ಸ್ಥಿತಿಗೆ ಬಂದಿದ್ದರು. ಹದಿನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಹಾರ್ಟ್‌ಮೇಟ್ 3 ಎಂಬ ಎಲ್‌ವ್ಯಾಡ್, ಅಂದರೆ ಹೃದಯದ ಎಡಭಾಗದ ಕೆಲಸಕ್ಕೆ ನೆರವಾಗುವ ಪಂಪ್, ಅಳವಡಿಸಿದರು. ಅದಕ್ಕೂ ಮೊದಲೇ ಎದೆಯಲ್ಲಿ ಐಸಿಡಿ ಇತ್ತು, ಲಯ ಕೆಟ್ಟರೆ ಶಾಕ್ ಕೊಟ್ಟು ಸರಿಪಡಿಸುವ ಪುಟ್ಟ ಯಂತ್ರ. ಹೃದಯ ಕಸಿಗಾಗಿ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರೂ ಇದೆ. ಪಂಪ್ ಬಂದ ಮೇಲೆ ಅಪ್ಪ ಮತ್ತೆ ಹೊಲದ ಬದುವಿನ ಮೇಲೆ ನಡೆದಾಡಿದ್ದನ್ನು ನೋಡಿ ಊರೇ ಬೆರಗಾಗಿತ್ತು.

ಕಳೆದ ಗುರುವಾರ ಮಧ್ಯಾಹ್ನದಿಂದ ಹೊಟ್ಟೆ ತೊಳಸಿದ ಹಾಗೆ ಆಗುತ್ತಿದೆ ಎನ್ನುತ್ತಿದ್ದರು. ತಲೆ ಸುತ್ತಿಲ್ಲ, ಎದೆನೋವಿಲ್ಲ, ಉಸಿರಾಟ ಸರಾಗವಾಗಿಯೇ ಇತ್ತು. ನಾನು ಪಂಪ್ ನಡೆಸುವ ಹೊರಗಿನ ಪೆಟ್ಟಿಗೆ, ಕಂಟ್ರೋಲರ್‌ನ ಪರದೆ ನೋಡಿದೆ. ದಿನವೂ ನಿಮಿಷಕ್ಕೆ 4.5 ಲೀಟರಿನ ಸುತ್ತ ಇರುವ ರಕ್ತದ ಹರಿವು 3.2ಕ್ಕೆ ಇಳಿದಿತ್ತು. ಅಲಾರಂ ಇಲ್ಲ. "ಪಂಪ್ ಓಡುತ್ತಿದೆಯಲ್ಲ, ಬಿಡು" ಎಂದರು ಅಪ್ಪ. ನಾನೂ ಬಿಟ್ಟೆ. ಇದನ್ನು ಬರೆಯುವಾಗ ಕೈ ನಡುಗುತ್ತದೆ.

ರಾತ್ರಿ ಎಂಟು ಗಂಟೆ ದಾಟಿತ್ತು. ಮಜ್ಜಿಗೆ ಲೋಟ ಹಿಡಿದು ಕುಳಿತಿದ್ದವರು ಇದ್ದಕ್ಕಿದ್ದಂತೆ ಅರ್ಧ ಅಡಿ ಮೇಲೆ ಹಾರಿದರು. ಮಜ್ಜಿಗೆ ಗೋಡೆಗೆ ಚಿಮ್ಮಿತು. "ಯಾರೋ ಎದೆಗೆ ಒದ್ದರು" ಎಂದರು, ಪೂರ್ತಿ ಎಚ್ಚರದಲ್ಲಿದ್ದುಕೊಂಡೇ. ಒಂದು ನಿಮಿಷದೊಳಗೆ ಇನ್ನೊಂದು ಒದೆತ. ಹಾಸನಕ್ಕೆ ಓಡಿದೆವು, ಅಲ್ಲಿಂದ ಬೆಂಗಳೂರಿಗೆ. ಐಸಿಡಿಯೊಳಗಿನ ದಾಖಲೆ ತೆಗೆದು ನೋಡಿದ ವೈದ್ಯರು ಹೇಳಿದ್ದು: ಮಧ್ಯಾಹ್ನ ಎರಡರಿಂದಲೇ ಹೃದಯದ ಕೆಳಕೋಣೆ ನಿಮಿಷಕ್ಕೆ 160ರ ವೇಗದಲ್ಲಿ ತನ್ನಷ್ಟಕ್ಕೆ ತಾನು ಬಡಿದುಕೊಳ್ಳುತ್ತಿತ್ತು, ರಾತ್ರಿ 210 ದಾಟಿದಾಗ ಯಂತ್ರ ಶಾಕ್ ಕೊಟ್ಟಿತು.

ಈಗ ಲಯ ಹಿಡಿತದಲ್ಲಿಡಲು ಅಮಿಯೋಡರೋನ್ ಎಂಬ ಮಾತ್ರೆ ಸೇರಿಸಿ ಮನೆಗೆ ಕಳುಹಿಸಿದ್ದಾರೆ. ಬಿಡುಗಡೆಯ ದಿನ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಅಂಕಿ) 2.4. ಆರು ಗಂಟೆ ಹೃದಯ ಹಾಗೆ ಓಡಿದರೂ ಅಪ್ಪ ಬೀಳದೆ ಕುಳಿತಿದ್ದು ಹೇಗೆ? ಆ ಆರು ಗಂಟೆಯಲ್ಲಿ ಒಳಗೆ ರಕ್ತ ಹೆಪ್ಪುಗಟ್ಟಿರಬಹುದೇ? ನಾನು ಏನನ್ನು ಕಾಯಬೇಕು? ತಿಳಿದವರು ಹೇಳಿ.

ರಾತ್ರಿಪಾಳಿ ದಾದಿ, ಸೋಮವಾರ ರಾತ್ರಿ 11:15

ತಂಗಿ, ಮೊದಲು ಒಂದು ಮಾತು. ನೀವು "ಬಿಟ್ಟೆ" ಎಂದು ನೊಂದುಕೊಳ್ಳಬೇಡಿ. ನಾನು ಶಿವಮೊಗ್ಗದವಳು, ಹನ್ನೊಂದು ವರ್ಷದಿಂದ ಬ್ರಿಟನ್ನಿನಲ್ಲಿ ಇದೇ ಪಂಪ್‌ಗಳ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಲಯ ತಪ್ಪಿದ ಹೃದಯ ಹೊತ್ತುಕೊಂಡು ತಾವೇ ಬಸ್ಸಿನಲ್ಲಿ ಕ್ಲಿನಿಕ್ಕಿಗೆ ಬಂದವರನ್ನು ಕಂಡಿದ್ದೇನೆ. ಪಂಪ್ ಇಲ್ಲದ ಮನುಷ್ಯ ಅಂಥ ಲಯದಲ್ಲಿ ನಿಮಿಷದೊಳಗೆ ಕುಸಿಯಬಹುದು. ಪಂಪ್ ಇರುವವರು ಹರಟೆ ಹೊಡೆಯುತ್ತಾ ಕೂರುತ್ತಾರೆ. ಅದೇ ಇದರ ವರವೂ ಹೌದು, ಮೋಸವೂ ಹೌದು.

ನಿಮ್ಮದು ಹೊಲದ ಮನೆ, ಮೋಟಾರಿನ ಮಾತಿನಲ್ಲಿಯೇ ಹೇಳುತ್ತೇನೆ. ಪಂಪ್ ಕುಳಿತಿರುವುದು ಎಡ ಹೃತ್ಕುಕ್ಷಿಯ, ಅಂದರೆ ಎಡ ಕೆಳಕೋಣೆಯ, ತುದಿಯಲ್ಲಿ. ಅಲ್ಲಿಂದ ರಕ್ತ ಎಳೆದು ಮಹಾಪಧಮನಿಗೆ ತಳ್ಳುತ್ತದೆ. ಅಂದರೆ ಬಾವಿಯೊಳಗಿನ ಮೋಟಾರು. ಆ ಬಾವಿಗೆ ನೀರು ತುಂಬಿಸಬೇಕಾದದ್ದು ಬಲ ಹೃತ್ಕುಕ್ಷಿ, ಶ್ವಾಸಕೋಶದ ಮೂಲಕ. ಬಲಭಾಗಕ್ಕೆ ಪಂಪ್ ಇಲ್ಲ. ಲಯ ತಪ್ಪಿದಾಗ ಬಲಭಾಗದ ಹಿಂಡುವ ಶಕ್ತಿ ಕುಂದುತ್ತದೆ, ಬಾವಿಗೆ ನೀರು ಕಡಿಮೆ ಬರುತ್ತದೆ, ಹರಿವು 4.5ರಿಂದ 3.2ಕ್ಕೆ ಇಳಿಯುತ್ತದೆ. ಈ ಪಂಪ್‌ನಲ್ಲಿ ಹರಿವು 2.5ಕ್ಕಿಂತ ಕೆಳಗಿಳಿದರೆ ಮಾತ್ರ ಅಲಾರಂ ಕೂಗುವುದು. ಹಾಗಾಗಿ ಅಲಾರಂ ಇಲ್ಲವೆಂದರೆ ತೊಂದರೆ ಇಲ್ಲ ಎಂದಾಗುವುದಿಲ್ಲ. ನಿಮ್ಮ ಅಪ್ಪನ ಎಂದಿನ ಸಂಖ್ಯೆಗಿಂತ ಎಷ್ಟು ದೂರ ಸರಿದಿದೆ ಎಂಬುದನ್ನು ನೋಡಿ.

ಐಸಿಡಿ ತಡವಾಗಿ ಶಾಕ್ ಕೊಟ್ಟದ್ದು ದೋಷವಲ್ಲ. ಪಂಪ್ ಇರುವವರು ಎಚ್ಚರವಾಗಿಯೇ ಇರುತ್ತಾರಾದ್ದರಿಂದ, ಎಚ್ಚರದಲ್ಲಿರುವವರಿಗೆ ಸುಮ್ಮಸುಮ್ಮನೆ ಒದೆತ ಬೀಳಬಾರದೆಂದು ಶಾಕ್ ಕೊಡುವ ಮಿತಿಯನ್ನು ಬೇಕೆಂದೇ ಎತ್ತರದಲ್ಲಿ ಇಟ್ಟಿರುತ್ತಾರೆ.

ಈಗ ನನ್ನ ಪ್ರಶ್ನೆ. ಆ ವಾರ ಅಪ್ಪನಿಗೆ ವಾಂತಿ, ಭೇದಿ, ಜ್ವರ ಏನಾದರೂ ಆಗಿತ್ತೇ? ಬಿಸಿಲಿನಲ್ಲಿ ನೀರು ಕುಡಿಯದೆ ಓಡಾಡಿದ್ದರೇ?

ಹೇಮಾವತಿ ದಂಡೆ, ಸೋಮವಾರ ರಾತ್ರಿ 11:32

ಹೌದು! ಊರ ಹಬ್ಬದ ಊಟವಾದ ಮೇಲೆ ಮೂರು ದಿನ ಭೇದಿಯಿತ್ತು. ಮೂತ್ರ ಹೋಗಿಸುವ ಲ್ಯಾಸಿಕ್ಸ್ ಮಾತ್ರೆಯನ್ನು ಎಂದಿನಂತೆ ನುಂಗುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ ಕಡಿಮೆ ಇದೆ ಎಂದು ಡ್ರಿಪ್ ಹಾಕಿದ್ದರು. ಇದಕ್ಕೂ ಅದಕ್ಕೂ ನಂಟು ಇದೆಯೇ?

ರಾತ್ರಿಪಾಳಿ ದಾದಿ, ಸೋಮವಾರ ರಾತ್ರಿ 11:58

ಗಂಟು ಅಲ್ಲಿಯೇ ಇದೆ. ಭೇದಿಯಿಂದ ನೀರು ಹೋಯಿತು, ಮಾತ್ರೆಯಿಂದ ಇನ್ನಷ್ಟು ಹೋಯಿತು. ಬಾವಿಯಲ್ಲಿ ನೀರು ತಳಕಂಡಾಗ ಫುಟ್‌ವಾಲ್ವ್ ಕೆಸರಿಗೆ ಅಂಟಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಇಲ್ಲಿಯೂ ಹಾಗೆಯೇ. ಪಂಪ್‌ನ ಬಾಯಿಗೆ ಹೃದಯದ ಒಳಗೋಡೆಯೇ ಎಳೆದುಕೊಂಡು ಬರುತ್ತದೆ. ಗೋಡೆ ತಾಗಿದ ಜಾಗದಿಂದಲೇ ತಪ್ಪು ಬಡಿತ ಹುಟ್ಟುತ್ತದೆ. ಮೊದಲೇ ಗಾಯದ ಕಲೆ ತುಂಬಿದ ಹೃದಯ, ಮೇಲೆ ಪೊಟ್ಯಾಸಿಯಂ ಕಡಿಮೆ. ಕಿಡಿ ಬಿದ್ದರೆ ಸಾಕು. ಕಂಟ್ರೋಲರ್‌ನ ದಾಖಲೆಯಲ್ಲಿ ಆ ಮೂರು ದಿನ "ಪಿಐ ಈವೆಂಟ್"ಗಳು, ಅಂದರೆ ಪಂಪ್‌ನೊಳಗಿನ ಹರಿವಿನ ಏರಿಳಿತ ಹಠಾತ್ತಾಗಿ ಬದಲಾದ ಗುರುತುಗಳು, ಸಾಲುಸಾಲಾಗಿ ಇದ್ದಿರಬೇಕು, ಕೇಳಿ ನೋಡಿ. ಇನ್ನು ಮುಂದೆ ಎರಡು ಸಲ ಭೇದಿಯಾದರೂ ಪಂಪ್ ತಂಡಕ್ಕೆ ಫೋನ್ ಮಾಡಿ, ಲ್ಯಾಸಿಕ್ಸ್ ಮುಂದುವರಿಸಬೇಕೇ ಬೇಡವೇ ಎಂದು ಕೇಳಿ. ನೀವೇ ನಿಲ್ಲಿಸಬೇಡಿ, ಕೇಳದೆ ಮುಂದುವರಿಸಲೂ ಬೇಡಿ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು. ಅಮಿಯೋಡರೋನ್ ಮತ್ತು ರಕ್ತ ತೆಳುಮಾಡುವ ಮಾತ್ರೆ ವಾರ್ಫರಿನ್ ಒಟ್ಟಿಗೆ ಇದ್ದರೆ ವಾರ್ಫರಿನ್‌ನ ಬಲ ಏರುತ್ತದೆ. ಇವತ್ತೇ ಅಲ್ಲ, ದಿನದಿಂದ ದಿನಕ್ಕೆ, ವಾರಗಳ ಕಾಲ. ಬಿಡುಗಡೆಯ ದಿನದ 2.4 ಕಂಡು ನೆಮ್ಮದಿಯಾಗಬೇಡಿ. ಮುಂದಿನ ಐಎನ್‌ಆರ್ ಯಾವಾಗ?

ಹೇಮಾವತಿ ದಂಡೆ, ಮಂಗಳವಾರ ಬೆಳಿಗ್ಗೆ 6:20

ಚೀಟಿಯಲ್ಲಿ ವಾರಕ್ಕೊಮ್ಮೆ ಎಂದೇ ಬರೆದಿದ್ದಾರೆ. ನಾವು ಇಷ್ಟು ದಿನ ತಿಂಗಳಿಗೊಮ್ಮೆ ಮಾಡಿಸುತ್ತಿದ್ದೆವಲ್ಲ, ಹಾಗೆಯೇ ಮುಂದಿನ ತಿಂಗಳ ಮೊದಲ ವಾರ ಹೋಗೋಣ ಎಂದುಕೊಂಡಿದ್ದೆವು. ಇದೇ ವಾರ ಹಾಸನಕ್ಕೆ ಹೋಗುತ್ತೇವೆ.

ನಿವೃತ್ತ ಮೇಷ್ಟ್ರು, ಮಂಗಳವಾರ ಬೆಳಿಗ್ಗೆ 8:05

ಹೆಪ್ಪಿನ ಪ್ರಶ್ನೆಗೆ ಯಾರೂ ಇನ್ನೂ ಉತ್ತರಿಸಿಲ್ಲ. ಮೂವತ್ತು ವರ್ಷ ಶರೀರಕ್ರಿಯಾಶಾಸ್ತ್ರ ಕಲಿಸಿದವನು, ನನ್ನ ತಮ್ಮನಿಗೂ ಪಂಪ್ ಇದೆ.

ನಿಂತ ನೀರು ಪಾಚಿಗಟ್ಟುವಂತೆ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಮೇಲುಕೋಣೆಗಳ ಲಯ ಕೆಟ್ಟು, ಅವು ಹಿಂಡುವ ಬದಲು ಬರೀ ಅದುರುವಾಗ, ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಕಿವಿಯಾಕಾರದ ಪುಟ್ಟ ಚೀಲದಲ್ಲಿ ರಕ್ತ ನಿಲ್ಲುತ್ತದೆ. ಕೆಳಕೋಣೆಗಳ ಲಯ ಕೆಟ್ಟಾಗ ಇನ್ನೊಂದು ಜಾಗವೂ ಸೇರಿಕೊಳ್ಳುತ್ತದೆ. ಪಂಪ್ ಇರುವವರಲ್ಲಿ ರಕ್ತವೆಲ್ಲ ಪಂಪ್‌ನ ಕೊಳವೆಯಿಂದಲೇ ಹೋಗುವುದರಿಂದ ಮಹಾಪಧಮನಿಯ ಕವಾಟ ಮೊದಲೇ ಸರಿಯಾಗಿ ತೆರೆಯುವುದಿಲ್ಲ. ಹೃದಯದ ಹಿಂಡುವಿಕೆಯೂ ನಿಂತರೆ ಪೂರ್ತಿ ಮುಚ್ಚಿಯೇ ಇರುತ್ತದೆ, ಅದರ ಬುಡದಲ್ಲಿ ರಕ್ತ ಮಡುಗಟ್ಟುತ್ತದೆ. ಅಲ್ಲಿಂದ ಒಂದು ಚೂರು ಸಿಡಿದು ಮಿದುಳಿಗೆ ಹೋದರೆ ಲಕ್ವ.

ಹಾಗೆಂದು ಆರು ಗಂಟೆಯಾಯಿತು, ಹೆಪ್ಪುಗಟ್ಟಿಯೇ ಇರುತ್ತದೆ ಎಂದು ಹೆದರಬೇಡಿ. ನಿಮ್ಮ ತಂದೆಯ ಐಎನ್‌ಆರ್ 2 ಮತ್ತು 3ರ ನಡುವೆ ಇತ್ತು. ಅದನ್ನು ಅಲ್ಲಿಟ್ಟಿರುವುದೇ ಇಂಥ ಗಳಿಗೆಗಾಗಿ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಸೋಲುವುದು, ಇವು ಕಂಡರೆ ಗಡಿಯಾರ ನೋಡಿ ಸಮಯ ಬರೆದುಕೊಂಡು ಹೊರಡಿ.

ನ್ಯೂಜೆರ್ಸಿ ಗೃಹಿಣಿ, ಮಂಗಳವಾರ ರಾತ್ರಿ 9:10

ಹೆಪ್ಪು ಪಂಪ್‌ನೊಳಗೇ ಕಟ್ಟಿದ ಕಥೆ ನಮ್ಮದು. 2012ರಲ್ಲಿ ನನ್ನ ಗಂಡನಿಗೆ ಹಾಕಿದ್ದು ಹಳೆಯ ಹಾರ್ಟ್‌ಮೇಟ್ 2. ಮೂರನೆಯ ತಿಂಗಳು. ಒಂದು ಬೆಳಿಗ್ಗೆ ಬಚ್ಚಲಿನಿಂದ ಕರೆದರು. ಮೂತ್ರ ಕಾಫಿ ಡಿಕಾಕ್ಷನ್‌ನ ಬಣ್ಣಕ್ಕಿತ್ತು. ಉತ್ಪ್ರೇಕ್ಷೆಯಲ್ಲ, ಫಿಲ್ಟರಿನಿಂದ ಇಳಿದ ಮೊದಲ ಡಿಕಾಕ್ಷನ್‌ನ ಬಣ್ಣವೇ. ದಿನವೂ 6 ವಾಟ್ ತೋರಿಸುತ್ತಿದ್ದ ಪಂಪ್ ಆ ದಿನ 10 ದಾಟಿತ್ತು. ತಿರುಗುವ ಚಕ್ರಕ್ಕೆ ಹೆಪ್ಪು ಅಂಟಿಕೊಂಡು ಕೆಂಪುರಕ್ತಕಣಗಳನ್ನು ಅರೆಯುತ್ತಿತ್ತು. ಒಡೆದ ಕಣಗಳ ಬಣ್ಣವೇ ಮೂತ್ರಕ್ಕೆ ಬಂದದ್ದು. ಎಲ್‌ಡಿಹೆಚ್ ಎಂಬ ರಕ್ತಪರೀಕ್ಷೆಯ ಅಂಕಿ ಆಕಾಶಕ್ಕೇರಿತ್ತು. ಎದೆ ಮತ್ತೆ ತೆರೆದು ಪಂಪ್ ಬದಲಾಯಿಸಿದರು.

ನಾವೊಬ್ಬರೇ ನತದೃಷ್ಟರು ಎಂದುಕೊಂಡಿದ್ದೆ. 2014ರಲ್ಲಿ ಅಮೆರಿಕದ ಮೂರು ದೊಡ್ಡ ಆಸ್ಪತ್ರೆಗಳು ತಮ್ಮ ಲೆಕ್ಕ ಬಿಚ್ಚಿಟ್ಟವು. ಅಳವಡಿಸಿದ ಮೂರು ತಿಂಗಳೊಳಗೆ ಆ ಪಂಪ್‌ನಲ್ಲಿ ಹೆಪ್ಪುಗಟ್ಟುವ ಪ್ರಮಾಣ 2011ರ ಮಾರ್ಚ್‌ಗಿಂತ ಮೊದಲು 2.2 ಶೇಕಡಾ ಇದ್ದದ್ದು, 2013ರ ಜನವರಿ ಹೊತ್ತಿಗೆ 8.4 ಶೇಕಡಾ ಆಗಿತ್ತು. ಅದನ್ನು ಓದಿದ ರಾತ್ರಿ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತಿದ್ದೆ. ಸಿಟ್ಟಿನಿಂದಲೋ ಸಮಾಧಾನದಿಂದಲೋ ಇಂದಿಗೂ ಗೊತ್ತಿಲ್ಲ.

ನಿಮ್ಮ ತಂದೆಯದು ಹಾರ್ಟ್‌ಮೇಟ್ 3. ಅದರ ಚಕ್ರ ಕಾಂತಶಕ್ತಿಯಿಂದ ಎಲ್ಲೂ ತಾಗದೆ ತೇಲುತ್ತದೆ, ರಕ್ತ ಹಾಯುವ ಸಂದು ಅಗಲ. ಎರಡು ಸೆಕೆಂಡಿಗೊಮ್ಮೆ ತನ್ನ ವೇಗವನ್ನು ತಾನೇ ಇಳಿಸಿ ಏರಿಸಿ ಒಳಗೆ ರಕ್ತ ನಿಲ್ಲದಂತೆ ತೊಳೆದುಕೊಳ್ಳುತ್ತದೆ. ಎರಡೂ ಪಂಪ್‌ಗಳನ್ನು 1,028 ಜನರಲ್ಲಿ ಹೋಲಿಸಿದ ಮೊಮೆಂಟಮ್ 3 ಎಂಬ ಅಧ್ಯಯನದಲ್ಲಿ, ಎರಡು ವರ್ಷದೊಳಗೆ ಪಂಪ್‌ನಲ್ಲಿ ಹೆಪ್ಪಿನ ಶಂಕೆ ಬಂದದ್ದು ಹಳೆಯದರಲ್ಲಿ 13.9 ಶೇಕಡಾ, ಹೊಸದರಲ್ಲಿ 1.4. ನಮಗೆ ಆಗ ಇದು ಇರಲಿಲ್ಲ. ನಿಮಗಿದೆ. ಆದರೂ ಮೂತ್ರದ ಬಣ್ಣ ನೋಡುವುದನ್ನು ಬಿಡಬೇಡಿ.

ರಾತ್ರಿಪಾಳಿ ದಾದಿ, ಮಂಗಳವಾರ ರಾತ್ರಿ 10:02

ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಒಂದು ಸೇರಿಸುತ್ತೇನೆ. ಹಾರ್ಟ್‌ಮೇಟ್ 3ರಲ್ಲಿ ಹರಿವು ಇಳಿಯಲು ಇನ್ನೊಂದು ಕಾರಣವಿದೆ. ಪಂಪ್‌ನಿಂದ ಮಹಾಪಧಮನಿಗೆ ಹೋಗುವ ಕೃತಕ ನಾಳ ತಿರುಚಿಕೊಳ್ಳಬಹುದು, ಅಥವಾ ಅದರ ಹೊರಕವಚದೊಳಗೆ ಜೈವಿಕ ಗಸಿ ಸೇರಿ ನಾಳವನ್ನು ಹೊರಗಿನಿಂದ ಅದುಮಬಹುದು. ಎರಡನೆಯದು ನಿಧಾನವಾಗಿ, ಸಾಮಾನ್ಯವಾಗಿ ಎರಡು ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. 2024ರಲ್ಲಿ ಇದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಹರಿವು ಪದೇಪದೇ ಇಳಿಯುತ್ತಿದ್ದರೆ "ನೀರು ಕಡಿಮೆ ಕುಡಿದಿದ್ದೀರಿ" ಎಂಬ ಉತ್ತರಕ್ಕೇ ತೃಪ್ತರಾಗಬೇಡಿ. ಸ್ಕ್ಯಾನ್ ಬೇಕೇ ಎಂದು ಕೇಳಿ.

ತುಂಗೆಯ ತೀರ, ಬುಧವಾರ ಬೆಳಿಗ್ಗೆ 7:30

ನಮ್ಮ ಭಾವನಿಗೂ ಹಾರ್ಟ್‌ಮೇಟ್ 3. ಆಸ್ಪಿರಿನ್ ಬೇಡವೆಂದು ಅವರ ವೈದ್ಯರು ನಿಲ್ಲಿಸಿದ್ದಾರೆ. ರಕ್ತ ತೆಳುಮಾಡುವ ಮಾತ್ರೆ ಎರಡೆರಡು ಏಕೆ? ನೀವೂ ಆಸ್ಪಿರಿನ್ ಬಿಡಿಸಿ. ಹಾಗೆಯೇ ಸೊಪ್ಪು ಪೂರ್ತಿ ಬಿಡಿಸಿ, ಐಎನ್‌ಆರ್ ತಾನೇ ನೆಟ್ಟಗಾಗುತ್ತದೆ.

ನ್ಯೂಜೆರ್ಸಿ ಗೃಹಿಣಿ, ಬುಧವಾರ ಬೆಳಿಗ್ಗೆ 8:15

ದಯವಿಟ್ಟು ಹೀಗೆ ಬರೆಯಬೇಡಿ. ಇದನ್ನು ಓದಿ ಹಾರ್ಟ್‌ಮೇಟ್ 2 ಇರುವ ಯಾರಾದರೂ ಆಸ್ಪಿರಿನ್ ಬಿಟ್ಟರೆ ನಮ್ಮ ಮನೆಯ ಬೆಳಗು ಅವರ ಮನೆಗೂ ಬರಬಹುದು.

ರಾತ್ರಿಪಾಳಿ ದಾದಿ, ಬುಧವಾರ ಮಧ್ಯಾಹ್ನ 1:40

ತುಂಗೆಯವರೇ, ನಿಮ್ಮ ಭಾವನ ವೈದ್ಯರು ತಪ್ಪಿಲ್ಲ. 2023ರಲ್ಲಿ ಪ್ರಕಟವಾದ ಏರೀಸ್ ಅಧ್ಯಯನದಲ್ಲಿ ಹಾರ್ಟ್‌ಮೇಟ್ 3 ಇರುವವರಿಗೆ ವಾರ್ಫರಿನ್‌ನಂಥ ಮಾತ್ರೆಯ ಜೊತೆ ಆಸ್ಪಿರಿನ್ ಕೊಡದಿದ್ದರೂ ಹೆಪ್ಪಿನ ತೊಂದರೆ ಹೆಚ್ಚಲಿಲ್ಲ. ದೊಡ್ಡ ರಕ್ತಸ್ರಾವಗಳು 34 ಶೇಕಡಾದಷ್ಟು ಕಡಿಮೆಯಾದವು. ಆದರೆ ಅದು ಆ ಒಂದು ಪಂಪ್‌ಗೆ ಸಿಕ್ಕ ಉತ್ತರ. ಸ್ಟೆಂಟ್ ಹಾಕಿಸಿಕೊಂಡಂಥ ಬೇರೆ ಕಾರಣಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರೂ ಇದ್ದಾರೆ. ವೈದ್ಯರನ್ನು ಕೇಳಿ ಬಿಡುವುದು ಬೇರೆ, ಇಲ್ಲಿ ಓದಿ ಬಿಡುವುದು ಬೇರೆ.

ರಕ್ತಸ್ರಾವದ ಕಡೆಗೆ ನಾವು ಇಷ್ಟು ಹೊತ್ತು ಹೊರಳಿ ನೋಡಿಯೇ ಇಲ್ಲ. ಚಕ್ರದ ಸೆಳೆತಕ್ಕೆ ರಕ್ತದಲ್ಲಿನ ವಾನ್ ವಿಲ್ಲಿಬ್ರಾಂಡ್ ಎಂಬ ಅಂಟುಪ್ರೋಟೀನಿನ ಉದ್ದನೆಯ ಎಳೆಗಳು ತುಂಡಾಗುತ್ತವೆ. ಕರುಳಿನ ಗೋಡೆಯಲ್ಲಿ ಎಳೆಯ ರಕ್ತನಾಳಗಳು ಹುಟ್ಟಿಕೊಂಡು ಸುಲಭವಾಗಿ ಒಡೆಯುತ್ತವೆ. ಆದ್ದರಿಂದ ಮಲ ಟಾರಿನಂತೆ ಕಪ್ಪಾದರೆ ಅದೂ ತುರ್ತೇ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಿಸಬೇಡಿ.

ಮೈಸೂರು ವೈದ್ಯೆ, ಬುಧವಾರ ಸಂಜೆ 6:50

ಸೊಪ್ಪಿನ ಬಗ್ಗೆ ನಾನು ಹೇಳುತ್ತೇನೆ, ದಿನಕ್ಕೆ ನಾಲ್ಕು ಜನರಾದರೂ ಕೇಳುವ ಪ್ರಶ್ನೆ ಇದು. ಸೊಪ್ಪು ಬಿಡಬೇಡಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಳಿ, ನಿಜ. ಆದರೆ ಡೋಸ್ ನಿಗದಿ ಮಾಡುವುದು ನೀವು ಈಗ ತಿನ್ನುತ್ತಿರುವ ಊಟದ ಮೇಲೆ. ವಾರದಲ್ಲಿ ಎರಡು ಸಲ ಮಸ್ಸೊಪ್ಪು ತಿನ್ನುವ ಮನೆಯಾದರೆ ಎರಡು ಸಲವೇ ತಿನ್ನಿ. ಒಂದು ತಿಂಗಳು ಪೂರ್ತಿ ಬಿಟ್ಟು, ಆಷಾಢದಲ್ಲಿ ನುಗ್ಗೆಸೊಪ್ಪು ಚಿಗುರಿತೆಂದು ದಿನವೂ ಪಲ್ಯ ಮಾಡಿದರೆ ಅಂಕಿ ಉಯ್ಯಾಲೆಯಾಡುತ್ತದೆ. ಪಂಪ್‌ನ ವೈರು (ಡ್ರೈವ್‌ಲೈನ್) ಹೊಟ್ಟೆಯಿಂದ ಹೊರಬರುವ ಜಾಗದಲ್ಲಿ ಸೋಂಕಾಗಿ ಆ್ಯಂಟಿಬಯೋಟಿಕ್ ಶುರುವಾದರೂ ಐಎನ್‌ಆರ್ ಬದಲಾಗಬಹುದು. ಯಾವ ಹೊಸ ಮಾತ್ರೆ ಬಂದರೂ, ಕಷಾಯ ಲೇಹ್ಯವಾದರೂ, ಮೊದಲು ತಿಳಿಸಿ.

ಸಕಲೇಶಪುರ ಚಾಲಕ, ಬುಧವಾರ ರಾತ್ರಿ 10:30

ನಾನು ಆಂಬುಲೆನ್ಸ್ ಓಡಿಸುವವನು. ವೈದ್ಯಕೀಯ ಹೆಚ್ಚು ಗೊತ್ತಿಲ್ಲ, ಆದರೆ ಒಂದು ಘಟನೆ ಹೇಳಲೇಬೇಕು. ಒಮ್ಮೆ ಇಂಥ ರೋಗಿಯ ಮನೆಗೆ ಹೋಗಿದ್ದೆವು. ಕೈ ಹಿಡಿದರೆ ನಾಡಿ ಇಲ್ಲ. ಬಿಪಿ ಯಂತ್ರ ಏನೂ ತೋರಿಸಲಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಗೆರೆ ಮೂಡಿಸಲಿಲ್ಲ. ಜೊತೆಗಿದ್ದ ಹುಡುಗನ ಮುಖ ಬಿಳುಚಿತು. ಆಗ ರೋಗಿಯೇ ಕಣ್ಣು ತೆರೆದು "ನನಗೆ ನಾಡಿ ಇರುವುದಿಲ್ಲಪ್ಪ, ಎದೆಗೆ ಕಿವಿಯಿಟ್ಟು ನೋಡು" ಎಂದರು. ಇಟ್ಟೆ. ಜೇನುಗೂಡಿನ ಹತ್ತಿರ ನಿಂತಂತೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಆ ಸದ್ದು ಮರೆತಿಲ್ಲ.

ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, 108ರವರಿಗೆ, ನಾಡಿ ಸಿಗದು, ಎದೆಗೆ ಕಿವಿಯಿಟ್ಟು ಸದ್ದು ಕೇಳಿ ಎಂದು ಬರೆದ ಒಂದು ಚೀಟಿಯನ್ನು ಮೊದಲೇ ಕೊಟ್ಟಿಡಿ.

ರಾತ್ರಿಪಾಳಿ ದಾದಿ, ಗುರುವಾರ ಮಧ್ಯಾಹ್ನ 12:20

ಆ ಚೀಟಿಯಲ್ಲಿ ಇದನ್ನೂ ಬರೆಯಿರಿ: ಇಸಿಜಿ ಎಂದಿನಂತೆ ತೆಗೆಯಬಹುದು, ಲಯ ಅದರಲ್ಲಿ ಕಾಣುತ್ತದೆ. ಎಂಆರ್‌ಐ ಮಾಡಬಾರದು. ಪ್ರಜ್ಞೆಯಿಲ್ಲ, ಮೈಗೆ ರಕ್ತ ಹೋಗುತ್ತಿಲ್ಲ ಎಂದಾದರೆ ಎದೆ ಒತ್ತಲು ಹಿಂಜರಿಯಬಾರದು. ಪಂಪ್ ಕಿತ್ತುಹೋದೀತೆಂಬ ಭಯ ಹಿಂದೆ ಇತ್ತು. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಪರಿಶೀಲಿಸಿ ಅಂಥ ಸ್ಥಿತಿಯಲ್ಲಿ ಎದೆ ಒತ್ತಬೇಕೆಂದೇ ಹೇಳಿದೆ. ಅದಕ್ಕೂ ಮೊದಲು ವೈರು ಕಳಚಿದೆಯೇ, ಬ್ಯಾಟರಿ ಮುಗಿದಿದೆಯೇ ಎಂದು ಒಂದು ಕಣ್ಣು ಹಾಯಿಸಬೇಕು.

ಹೇಮಾವತಿ ದಂಡೆ, ಎರಡನೆಯ ಮಂಗಳವಾರ ರಾತ್ರಿ 8:45

ವಾರದ ಸುದ್ದಿ. ಮೊನ್ನೆ ಬೆಳಿಗ್ಗೆ ಅಪ್ಪ ಹಲ್ಲುಜ್ಜಿ ಉಗಿದಾಗ ನೊರೆ ಗುಲಾಬಿ ಬಣ್ಣಕ್ಕಿತ್ತು. ಬ್ರಷ್ ಗಟ್ಟಿಯಾಯಿತೇನೋ ಎಂದರು. ಹಿಂದಿನ ನಾನಾಗಿದ್ದರೆ ಒಪ್ಪಿಕೊಂಡು ಸುಮ್ಮನಾಗುತ್ತಿದ್ದೆ. ಆ ದಿನವೇ ಹಾಸನಕ್ಕೆ ಕರೆದೊಯ್ದು ರಕ್ತ ಕೊಡಿಸಿದೆ. ಐಎನ್‌ಆರ್ 4.8.

ಶುಕ್ರವಾರ ಮಾಡಿಸಿದಾಗ 3.1 ಇತ್ತು. ಆಗಲೇ ಫೋನ್ ಮಾಡಿದ್ದಕ್ಕೆ ಡೋಸ್ ಕೊಂಚ ಇಳಿಸಿ, ಮೂರು ದಿನಕ್ಕೆ ಮತ್ತೆ ನೋಡಿ ಎಂದಿದ್ದರು. ತಿಂಗಳ ಮೊದಲ ವಾರದವರೆಗೆ ಕಾಯ್ದಿದ್ದರೆ ಎಂದು ನೆನೆದರೆ ಹೊಟ್ಟೆ ಕಲಸುತ್ತದೆ. ಒಂದು ದಿನ ವಾರ್ಫರಿನ್ ನಿಲ್ಲಿಸಿ, 5 ಮಿಲಿಗ್ರಾಂ ಇದ್ದದ್ದನ್ನು ಈಗ 3ಕ್ಕೆ ತಂದಿದ್ದಾರೆ. ಇವತ್ತಿನ ಅಂಕಿ 2.9.

ಪಿಐ ಈವೆಂಟ್ ಬಗ್ಗೆಯೂ ಕೇಳಿದೆ. ದಾದಿಯಕ್ಕ ಹೇಳಿದಂತೆಯೇ, ಭೇದಿಯ ಮೂರು ದಿನ ದಾಖಲೆಯ ತುಂಬ ಅವೇ.

ಮೇಷ್ಟ್ರಿಗೆ, ನ್ಯೂಜೆರ್ಸಿ ಅಕ್ಕನಿಗೆ, ಚಾಲಕರಿಗೆ ಅಪ್ಪ ನಮಸ್ಕಾರ ಹೇಳಿದ್ದಾರೆ. ಚೀಟಿಯನ್ನು ಕನ್ನಡದಲ್ಲಿಯೇ ಬರೆದು ಬಾಗಿಲ ಹಿಂದೆ ಅಂಟಿಸಿದ್ದೇವೆ, ಆರೋಗ್ಯ ಕೇಂದ್ರಕ್ಕೂ ಒಂದು ಪ್ರತಿ ಕೊಟ್ಟಿದ್ದೇವೆ.

ಹೊಸ ಸದಸ್ಯ, ಬುಧವಾರ ಬೆಳಿಗ್ಗೆ 5:55

ಎಲ್ಲವನ್ನೂ ಒಂದೇ ಉಸಿರಿಗೆ ಓದಿದೆ. ನನ್ನ ಅಣ್ಣನಿಗೆ ಮುಂದಿನ ವಾರ ಶಸ್ತ್ರಚಿಕಿತ್ಸೆ, ಇದೇ ಪಂಪ್. ನೀವು ದಿನವೂ ಏನೇನು ಬರೆದಿಡುತ್ತೀರಿ ಎಂದು ತಿಳಿಸುತ್ತೀರಾ?

ಹೇಮಾವತಿ ದಂಡೆ, ಬುಧವಾರ ಬೆಳಿಗ್ಗೆ 6:40

ಖಂಡಿತ. ಇನ್ನೂರು ಪುಟದ ಲೆಕ್ಕದ ಪುಸ್ತಕ. ಬೆಳಿಗ್ಗೆ ತೂಕ, ವೇಗ, ಹರಿವು, ಪಿಐ, ವಾಟ್. ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಯಂತ್ರ ಹಿಡಿದು ನೋಡಿದ ರಕ್ತದೊತ್ತಡ, ನಮಗೆ 90 ದಾಟಬಾರದೆಂದು ಹೇಳಿದ್ದಾರೆ. ವಾರ್ಫರಿನ್ ಎಷ್ಟು, ಎಷ್ಟು ಗಂಟೆಗೆ. ಐಎನ್‌ಆರ್ ದಿನಾಂಕವನ್ನು ಕೆಂಪು ಶಾಯಿಯಲ್ಲಿ. ಎಷ್ಟು ಲೋಟ ನೀರು. ಕೊನೆಯ ಕಲಂ ಮೂತ್ರದ ಬಣ್ಣ. ಅದನ್ನು ಅಪ್ಪನೇ ಬರೆಯುತ್ತಾರೆ, ಅವರ ಮಾತಿನಲ್ಲಿ. ಇವತ್ತು "ಒಣಹುಲ್ಲು" ಎಂದು ಬರೆದು ಈಗಷ್ಟೇ ಬ್ಯಾಟರಿ ಚೀಲ ಹೆಗಲಿಗೇರಿಸಿಕೊಂಡು ಬದುವಿನ ಕಡೆ ಹೋದರು. ಬದಲಿ ಕಂಟ್ರೋಲರ್ ಹಿಡಿದು ಅಮ್ಮ ಹಿಂದೆಯೇ ಹೊರಟಿದ್ದಾರೆ.